ನ್ಯಾಯಾಧೀಶರ ಸಮ್ಮೇಳನ ಕರೆಯುವುದು ಹೇಗೆ? ಜಿಲ್ಲಾ ಕೋರ್ಟುಗಳ ಆಡಳಿತ ಸುಧಾರಣೆಗೆ ಹಂತ ಹಂತದ ಮಾರ್ಗದರ್ಶಿ

“ಜಿಲ್ಲೆಯ ನ್ಯಾಯಾಧೀಶರ ಸಮ್ಮೇಳನ ಇದೆ, ತಯಾರಿ ನನ್ನ ತಲೆಗೆ ಬಂದಿದೆ. ಎಲ್ಲಿಂದ ಶುರು ಮಾಡಲಿ?” ಸೇವೆಗೆ ಹೊಸದಾಗಿ ಸೇರಿದ ಸಿವಿಲ್ ನ್ಯಾಯಾಧೀಶರು ಇದನ್ನು ಕೇಳುತ್ತಾರೆ. ಕೋರ್ಟಿನ ಆಡಳಿತ ಶಾಖೆಯವರೂ ಕೇಳುತ್ತಾರೆ. ವಕೀಲರ ಸಂಘದವರ ಪ್ರಶ್ನೆ ಸ್ವಲ್ಪ ಬೇರೆ: “ಅಲ್ಲಿಗೆ ನಮ್ಮ ವಿಷಯ ತಲುಪಿಸೋದು ಹೇಗೆ?” ಎಲ್ಲರಿಗೂ ಸೇರಿಸಿ ಇಲ್ಲಿ ಉತ್ತರ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನವರು ಸಮ್ಮೇಳನದ ದಿನಕ್ಕೆ ಬೆವರು ಹರಿಸುತ್ತಾರೆ. ವೇದಿಕೆ, ದೀಪ, ಹಾರ, ಊಟ ಎಲ್ಲ ಸರಿಯಾಗಿರುತ್ತದೆ. ಆದರೆ ಕೋರ್ಟಿನ ಆಡಳಿತ ಬದಲಾಗುವುದು ಅದಕ್ಕೆ ಮುಂಚಿನ ಆರೇಳು ವಾರಗಳಲ್ಲಿ ಮತ್ತು ನಂತರದ ಮೂರು ತಿಂಗಳಲ್ಲಿ. ಈ ಲೇಖನವೂ ಆ ಎರಡರ ಮೇಲೆಯೇ ಜಾಸ್ತಿ ನಿಲ್ಲುತ್ತದೆ.

ಯಾವ ಸಮ್ಮೇಳನದ ಬಗ್ಗೆ ಮಾತಾಡುತ್ತಿದ್ದೇವೆ?

ನ್ಯಾಯಾಧೀಶರ ಸಮ್ಮೇಳನ ಅಂದಾಗ ಮೂರು ಬೇರೆ ಬೇರೆ ವಿಷಯಗಳು ಕಲಸಿಹೋಗುತ್ತವೆ.

ಒಂದು, ದೆಹಲಿಯಲ್ಲಿ ನಡೆಯುವ ಮುಖ್ಯ ನ್ಯಾಯಮೂರ್ತಿಗಳ ಸಮ್ಮೇಳನ. ಭಾರತದ ಮುಖ್ಯ ನ್ಯಾಯಮೂರ್ತಿಗಳು (ಸಿಜೆಐ) ಎಲ್ಲ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಗಳನ್ನು ಕರೆಯುತ್ತಾರೆ. ಮೊದಲನೆಯದು ನಡೆದದ್ದು 1953ರ ನವೆಂಬರ್‌ನಲ್ಲಿ, 39ನೆಯದು 2022ರ ಏಪ್ರಿಲ್‌ನಲ್ಲಿ. ಅದರ ಬೆನ್ನಿಗೇ ಪ್ರಧಾನಿ, ಮುಖ್ಯಮಂತ್ರಿಗಳೂ ಸೇರುವ ಜಂಟಿ ಸಮ್ಮೇಳನ ಇರುತ್ತದೆ. ಇದು ಪ್ರತಿ ವರ್ಷ ತಪ್ಪದೆ ನಡೆಯುವಂಥದ್ದಲ್ಲ. 2016ರ ನಂತರದ್ದು ನಡೆದದ್ದು 2022ರಲ್ಲಿ.

ಎರಡು, ನ್ಯಾಯಾಧೀಶರ ಸಂಘ ನಡೆಸುವ ಸಮ್ಮೇಳನ. ಕರ್ನಾಟಕ ರಾಜ್ಯ ನ್ಯಾಯಾಂಗ ಅಧಿಕಾರಿಗಳ ಸಂಘ ಎರಡು ವರ್ಷಕ್ಕೊಮ್ಮೆ ನಡೆಸುವ ರಾಜ್ಯ ಮಟ್ಟದ ಸಮ್ಮೇಳನ ಈ ಬಗೆಯದು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಅದರ 21ನೇ ಸಮ್ಮೇಳನ ನಡೆಯಿತು. ಆಗಿನ ಸಿಜೆಐ ಡಿ.ವೈ. ಚಂದ್ರಚೂಡ್ ಬಂದು ನ್ಯಾಯಾಧೀಶರ ಮೇಲಿನ ಕೆಲಸದ ಒತ್ತಡದ ಬಗ್ಗೆ ಮಾತಾಡಿದ್ದರು.

ಮೂರು, ಹೈಕೋರ್ಟಿನ ಒಪ್ಪಿಗೆಯಿಂದ ಒಂದು ಜಿಲ್ಲೆಯ ಅಥವಾ ಕೆಲವು ಜಿಲ್ಲೆಗಳ ನ್ಯಾಯಾಧೀಶರನ್ನು ಆಡಳಿತದ ವಿಷಯಕ್ಕಾಗಿಯೇ ಸೇರಿಸುವುದು. ಸುದ್ದಿ ಕಡಿಮೆ, ಉಪಯೋಗ ಜಾಸ್ತಿ. ಮುಂದೆ ಬರುವ ಹಂತಗಳು ಈ ಮೂರನೆಯದಕ್ಕೆ.

ಕಾನೂನಿನ ನೆಲೆ, ಚಿಕ್ಕದಾಗಿ

ಸಂವಿಧಾನದ 235ನೇ ವಿಧಿ ಜಿಲ್ಲಾ ಮತ್ತು ಅದರ ಕೆಳಗಿನ ಕೋರ್ಟುಗಳ ನಿಯಂತ್ರಣವನ್ನು ಹೈಕೋರ್ಟಿಗೆ ಕೊಡುತ್ತದೆ. 227ನೇ ವಿಧಿ ಮೇಲ್ವಿಚಾರಣೆಯ ಅಧಿಕಾರ ಕೊಡುತ್ತದೆ. ಕೆಳಗಿನ ಕೋರ್ಟುಗಳಿಂದ ವಿವರ ಪಟ್ಟಿ ತರಿಸಿಕೊಳ್ಳುವುದು, ಕಲಾಪಕ್ಕೆ ಸಾಮಾನ್ಯ ನಿಯಮ ಮಾಡುವುದು ಎಲ್ಲ ಇದರಲ್ಲೇ ಬರುತ್ತದೆ. ಸಮ್ಮೇಳನ ಕರೆಯುವುದಕ್ಕೆ ಬೇರೆ ಕಾಯ್ದೆ ಹುಡುಕಬೇಕಾಗಿಲ್ಲ.

ನೀವು ಕೇಳುವ ಕೆಲವು ಪದಗಳು:

- ಆಡಳಿತಾತ್ಮಕ ನ್ಯಾಯಮೂರ್ತಿ: ನಿಮ್ಮ ಜಿಲ್ಲೆಯ ಉಸ್ತುವಾರಿ ವಹಿಸಿರುವ ಹೈಕೋರ್ಟ್ ನ್ಯಾಯಮೂರ್ತಿ.
- ಪಿಡಿಜೆ: ಪ್ರಧಾನ ಜಿಲ್ಲಾ ಮತ್ತು ಸತ್ರ ನ್ಯಾಯಾಧೀಶರು. ಜಿಲ್ಲೆಯ ಕೋರ್ಟುಗಳ ಯಜಮಾನಿಕೆ ಇವರದು.
- ಆಡಳಿತ ಪಕ್ಕ, ನ್ಯಾಯಿಕ ಪಕ್ಕ: ಸಿಬ್ಬಂದಿ, ಕಟ್ಟಡ, ದಾಖಲೆ, ವೇಳಾಪಟ್ಟಿ ಮೊದಲನೆಯದು. ಒಂದು ಕೇಸಿನಲ್ಲಿ ಏನು ಆದೇಶ ಮಾಡಬೇಕು ಅನ್ನುವುದು ಎರಡನೆಯದು.
- ನಡಾವಳಿ: ಸಭೆಯಲ್ಲಿ ಆದದ್ದರ ಬರಹ.
- ಅನುಪಾಲನಾ ವರದಿ: ತೀರ್ಮಾನಿಸಿದ್ದರಲ್ಲಿ ಎಷ್ಟು ಜಾರಿಯಾಯಿತು ಅನ್ನುವ ವರದಿ.

ಎರಡು ಪಕ್ಕಗಳ ನಡುವಿನ ಗೆರೆಯನ್ನು ಕೊನೆಯವರೆಗೂ ನೆನಪಿಡಿ. ಬಾಕಿ ಇರುವ ಯಾವ ಕೇಸಿನ ಗುಣದೋಷವೂ ಇಲ್ಲಿ ಚರ್ಚೆಗೆ ಬರಬಾರದು. “ಇಂಥ ಕೇಸಿನಲ್ಲಿ ಜಾಮೀನು ಕೊಡಿ, ಕೊಡಬೇಡಿ” ಅನ್ನುವ ಧಾಟಿಯ ಮಾತು ಎಷ್ಟು ಹಿರಿಯರಿಂದ ಬಂದರೂ ಅದು ಸಮ್ಮೇಳನದ ಕೆಲಸವಲ್ಲ. ಕಾನೂನಿನ ಪಾಠ ಬೇಕಾದರೆ ಬೆಂಗಳೂರಿನ ಕ್ರೆಸೆಂಟ್ ರಸ್ತೆಯಲ್ಲಿ ಕರ್ನಾಟಕ ನ್ಯಾಯಾಂಗ ಅಕಾಡೆಮಿ ಇದೆ, ಭೋಪಾಲದಲ್ಲಿ ರಾಷ್ಟ್ರೀಯ ಅಕಾಡೆಮಿ ಇದೆ. ತರಬೇತಿಯನ್ನೂ ಆಡಳಿತದ ಸಭೆಯನ್ನೂ ಒಂದೇ ದಿನಕ್ಕೆ ತುರುಕಿದರೆ ಎರಡೂ ಅರೆಬರೆ.

ಹಂತ 1: ಪ್ರಶ್ನೆಯನ್ನು ಚಿಕ್ಕದು ಮಾಡಿ

“ತ್ವರಿತ ನ್ಯಾಯದಾನ: ಸವಾಲುಗಳು ಮತ್ತು ಪರಿಹಾರಗಳು.” ಇಂಥ ಶೀರ್ಷಿಕೆ ನೋಡಿದ ತಕ್ಷಣ ಭಾಷಣಗಳು ಬರುತ್ತವೆ ಅಂತ ತಿಳಿದುಕೊಳ್ಳಿ. ತೀರ್ಮಾನ ಬರುವುದಿಲ್ಲ.

ಅದರ ಬದಲು ಹೀಗೆ ಕೇಳಿ: ನಮ್ಮ ಜಿಲ್ಲೆಯಲ್ಲಿ ಚೆಕ್ ಬೌನ್ಸ್ ಕೇಸುಗಳ ಸಮನ್ಸ್ ಯಾಕೆ ಜಾರಿಯಾಗದೆ ವಾಪಸ್ ಬರುತ್ತಿದೆ? ನಕಲು ವಿಭಾಗದಲ್ಲಿ ಪ್ರಮಾಣೀಕೃತ ನಕಲು ಸಿಗಲು ಯಾಕೆ ತಡ? ಮುದ್ದೆಮಾಲು ಕೋಣೆ ಯಾಕೆ ತುಂಬಿ ತುಳುಕುತ್ತಿದೆ? ಮೂರು, ಹೆಚ್ಚೆಂದರೆ ನಾಲ್ಕು ಪ್ರಶ್ನೆ ಸಾಕು.

ಮುದ್ದೆಮಾಲಿನ ವಿಷಯವನ್ನೇ ನೋಡಿ. ಕೇಸಿಗೆ ಸಂಬಂಧಿಸಿ ಜಪ್ತಿಯಾದ ವಸ್ತುಗಳನ್ನು ವರ್ಷಗಟ್ಟಲೆ ಇಟ್ಟುಕೊಳ್ಳಬೇಡಿ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿತು. ಪಂಚನಾಮೆ ಮಾಡಿ, ಫೋಟೋ ತೆಗೆದು, ಬಾಂಡ್ ಪಡೆದು ವಾಪಸ್ ಕೊಡಿ ಎಂದಿತು. ಈಗ ಕ್ರಿಮಿನಲ್ ಕೇಸುಗಳ ಕಾರ್ಯವಿಧಾನ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 497ನೇ ಸೆಕ್ಷನ್ ಇದಕ್ಕೆ ದಿನದ ಲೆಕ್ಕವನ್ನೇ ಹಾಕಿದೆ: ವಸ್ತು ಹಾಜರಾದ 14 ದಿನದೊಳಗೆ ಅದರ ವಿವರಣಾ ಪಟ್ಟಿ; ಆ ಪಟ್ಟಿಯೂ ಫೋಟೋ ಅಥವಾ ವಿಡಿಯೋ ಕೂಡ ಆದ 30 ದಿನದೊಳಗೆ ವಿಲೇವಾರಿ ಆದೇಶ. ಅಂದರೆ ಕಾನೂನು ಸ್ಪಷ್ಟವಾಗಿಯೇ ಇದೆ. ಹಾಗಿದ್ದೂ ಕೋಣೆ ತುಂಬಿದ್ದರೆ ಅಡಚಣೆ ಬೇರೆ ಎಲ್ಲೋ ಇದೆ. ಫೋಟೋ ತೆಗೆಯುವವರು ಯಾರು? ರಿಜಿಸ್ಟರ್ ಯಾರ ಬಳಿ? ಠಾಣೆಯ ಪಟ್ಟಿಗೂ ಕೋರ್ಟಿನ ಪಟ್ಟಿಗೂ ತಾಳೆ ಇದೆಯಾ? ಸಮ್ಮೇಳನಕ್ಕೆ ಬೇಕಾದ ಪ್ರಶ್ನೆ ಅಂದರೆ ಇಂಥದ್ದು.

ಹಂತ 2: ಅನುಮತಿ

ಪಿಡಿಜೆ ಅವರ ಒಪ್ಪಿಗೆ ಮೊದಲು. ಅವರ ಪತ್ರ ಆಡಳಿತಾತ್ಮಕ ನ್ಯಾಯಮೂರ್ತಿಗಳ ಗಮನಕ್ಕೆ ಹೋಗಬೇಕು. ಹೈಕೋರ್ಟಿನ ರಿಜಿಸ್ಟ್ರಾರ್ ಜನರಲ್ ಅವರಿಗೆ ವಿಧ್ಯುಕ್ತ ಮನವಿ ಹೋಗಬೇಕು. ಪತ್ರದಲ್ಲಿ ಐದು ವಿಷಯ ಇರಲಿ: ಯಾಕೆ, ಯಾರು ಯಾರು ಬರುತ್ತಾರೆ, ಯಾವ ದಿನ, ಖರ್ಚು ಯಾವ ಲೆಕ್ಕದಿಂದ, ಆ ದಿನ ಕೋರ್ಟುಗಳ ವ್ಯವಸ್ಥೆ ಏನು.

ಕೊನೆಯ ಎರಡನ್ನು ಬಿಟ್ಟ ಪತ್ರ ಸ್ಪಷ್ಟೀಕರಣ ಕೇಳಿ ವಾಪಸ್ ಬರುತ್ತದೆ. ಅಲ್ಲಿಗೆ ಎರಡು ವಾರ ಹೋಯಿತು ಅಂತಲೇ ಲೆಕ್ಕ.

ಬೇರೆ ಊರಿಂದ ಬರುವ ನ್ಯಾಯಾಧೀಶರ ಆ ದಿನದ ಗೈರುಹಾಜರಿ ರಜೆಯಲ್ಲ, ಕರ್ತವ್ಯ ಎಂದು ಲಿಖಿತ ಆದೇಶ ಆಗಬೇಕು. ಕಚೇರಿಗಳಲ್ಲಿ ಇದನ್ನು ‘ಓಓಡಿ’ ಅನ್ನುತ್ತಾರೆ, ಅಂದರೆ ಇತರ ಕರ್ತವ್ಯದ ಮೇಲೆ. ಬಾಯಿಮಾತಿನ ಭರವಸೆ ಪ್ರಯಾಣ ಭತ್ಯೆಯ ಬಿಲ್ ಪಾಸ್ ಮಾಡಿಸುವುದಿಲ್ಲ.

ಹಂತ 3: ದಿನ ನಿಗದಿ

ಸುಲಭ ಅನ್ನಿಸುತ್ತದೆ, ಅಲ್ವಾ? ದೊಡ್ಡವರೂ ಎಡವುವ ಜಾಗ ಇದು. 2015ರಲ್ಲಿ ಮುಖ್ಯ ನ್ಯಾಯಮೂರ್ತಿಗಳ ಸಮ್ಮೇಳನ ಏಪ್ರಿಲ್ 3ರಂದು ಶುರುವಾಯಿತು. ಅಂದು ಗುಡ್ ಫ್ರೈಡೇ. ನಂತರದ ಭಾನುವಾರ ಈಸ್ಟರ್. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕುರಿಯನ್ ಜೋಸೆಫ್ ಆಗಿನ ಸಿಜೆಐ, ನಮ್ಮ ಚಿಕ್ಕಮಗಳೂರು ಜಿಲ್ಲೆಯವರೇ ಆದ ಎಚ್.ಎಲ್. ದತ್ತು ಅವರಿಗೆ ಪತ್ರ ಬರೆದು ಆಕ್ಷೇಪಿಸಿದರು. ಕೋರ್ಟಿಗೆ ರಜೆ ಇರುವ ದಿನವೇ ಸಮ್ಮೇಳನ ಇಟ್ಟರೆ ಕೇಸುಗಳಿಗೆ ತೊಂದರೆಯಿಲ್ಲ ಅನ್ನುವುದು ಒಂದು ವಾದ. ಆ ರಜೆ ಒಬ್ಬರ ಮನೆಯ ದೊಡ್ಡ ಹಬ್ಬ ಅನ್ನುವುದು ಇನ್ನೊಂದು. ಎರಡರಲ್ಲೂ ಹುರುಳಿದೆ. ಆದರೆ ಸಮ್ಮೇಳನದ ಸುದ್ದಿಗಿಂತ ದಿನಾಂಕದ ಸುದ್ದಿಯೇ ಪತ್ರಿಕೆಗಳಲ್ಲಿ ಓಡಾಡಿತು. ನಿಮ್ಮ ಪಟ್ಟಿಯಲ್ಲಿರುವ ಪ್ರತಿಯೊಬ್ಬರ ಹಬ್ಬವನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಆಮೇಲೆ ದಿನ ಹುಡುಕಿ.

ಇನ್ನೂ ಕೆಲವು ಎಚ್ಚರಿಕೆ:

- ಎರಡನೇ ಶನಿವಾರ ಖಾಲಿ ಇದೆ ಅಂತ ಹಾರಬೇಡಿ. ರಾಷ್ಟ್ರೀಯ ಲೋಕ್ ಅದಾಲತ್ ವರ್ಷಕ್ಕೆ ನಾಲ್ಕು ಬಾರಿ ನಡೆಯುತ್ತದೆ, ಸಾಮಾನ್ಯವಾಗಿ ಎರಡನೇ ಶನಿವಾರವೇ. ಅದರ ಹಿಂದಿನ ವಾರವೂ ನ್ಯಾಯಾಧೀಶರಿಗೆ ಪುರುಸೊತ್ತಿರುವುದಿಲ್ಲ.
- ಸಾಮಾನ್ಯ ವರ್ಗಾವಣೆಗೆ ಸ್ವಲ್ಪ ಮುಂಚೆ ಇಡಬೇಡಿ. ತೀರ್ಮಾನ ಮಾಡಿದವರು ಒಂದು ಊರಲ್ಲಿ, ಜಾರಿ ಮಾಡಬೇಕಾದವರು ಇನ್ನೊಂದು ಊರಲ್ಲಿ ಆಗಿಬಿಡುತ್ತದೆ.
- ಬೇಸಿಗೆ ರಜೆ, ದಸರಾ ರಜೆ ಬೇಡವೇ ಬೇಡ. ಬರುತ್ತಾರೆ, ಆದರೆ ಮನಸ್ಸು ಊರಲ್ಲಿರುತ್ತದೆ.
- ಕೆಲಸದ ದಿನ ಇಡಲೇಬೇಕಾದರೆ ಆ ದಿನದ ಕೇಸುಗಳಿಗೆ ತಿಂಗಳ ಮುಂಚೆಯೇ ಬೇರೆ ದಿನಾಂಕ ಕೊಡಿ. ಹಳ್ಳಿಯಿಂದ ಬಸ್ಸು ಹಿಡಿದು ಬಂದ ಸಾಕ್ಷಿಗೆ ‘ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ’ ಅಂತ ಹೇಳಿ ಕಳಿಸಿದರೆ, ಆಡಳಿತ ಸುಧಾರಿಸಲು ಕರೆದ ಸಭೆಯೇ ಆಡಳಿತ ಕೆಡಿಸಿದ ಹಾಗೆ.

ಮ್ಯಾಜಿಸ್ಟ್ರೇಟರ ವಿಷಯದಲ್ಲಿ ಇನ್ನೂ ಹೆಚ್ಚು ಜಾಗ್ರತೆ ಬೇಕು. ಬಂಧಿತರನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂದು ಸಂವಿಧಾನದ 22ನೇ ವಿಧಿ ಹೇಳುತ್ತದೆ. ಸಮ್ಮೇಳನ ಇದೆ ಅಂತ ಆ ಗಡಿಯಾರ ನಿಲ್ಲುವುದಿಲ್ಲ. ಪ್ರತಿ ತಾಲ್ಲೂಕಿಗೂ ಇನ್‌ಚಾರ್ಜ್ ಯಾರು ಅನ್ನುವ ಆದೇಶ ಹೊರಡಿಸಿ, ಪ್ರತಿ ಠಾಣೆಗೆ ತಲುಪಿಸಿ. ಒಂದಿಬ್ಬರು ಮ್ಯಾಜಿಸ್ಟ್ರೇಟರನ್ನು ಸಮ್ಮೇಳನಕ್ಕೆ ಕರೆಯದೆ ಉಳಿಸಿಕೊಂಡರೂ ತಪ್ಪಿಲ್ಲ. ಅವರ ಅಭಿಪ್ರಾಯವನ್ನು ಬರಹದಲ್ಲಿ ತರಿಸಿಕೊಂಡರಾಯಿತು.

ಹಂತ 4: ಅಂಕಿಅಂಶ ಮತ್ತು ಪ್ರಶ್ನಾವಳಿ

ಇಡೀ ಕೆಲಸದಲ್ಲಿ ಅತಿ ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಕನಿಷ್ಠ ನಾಲ್ಕು ವಾರ ಇಟ್ಟುಕೊಳ್ಳಿ.

ಮೊದಲು ಸಂಖ್ಯೆಗಳು. ರಾಷ್ಟ್ರೀಯ ನ್ಯಾಯಾಂಗ ದತ್ತಾಂಶ ಗ್ರಿಡ್, ಅಂದರೆ ಎನ್‌ಜೆಡಿಜಿ, 2015ರಿಂದ ಸಾರ್ವಜನಿಕರಿಗೂ ತೆರೆದಿದೆ. ನಿಮ್ಮ ಜಿಲ್ಲೆಯಲ್ಲಿ ಎಷ್ಟು ಕೇಸು ಬಾಕಿ, ಎಷ್ಟು ವರ್ಷ ಹಳೆಯವು, ತಡಕ್ಕೆ ದಾಖಲಾದ ಕಾರಣ ಏನು ಎಂದು ಅದರಲ್ಲಿ ನೋಡಬಹುದು. ವಕೀಲರು ಲಭ್ಯವಿಲ್ಲ, ಆರೋಪಿ ತಲೆಮರೆಸಿಕೊಂಡಿದ್ದಾನೆ, ಮೇಲಿನ ಕೋರ್ಟಿನ ತಡೆಯಾಜ್ಞೆ ಇದೆ ಎಂಬಂಥ ಕಾರಣಗಳು ಅಲ್ಲಿರುತ್ತವೆ.

ಅಲ್ಲಿನ ಅಂಕಿಯನ್ನು ಹಾಗೇ ಎತ್ತಿ ಸ್ಲೈಡಿಗೆ ಹಾಕಬೇಡಿ. ಆ ಗ್ರಿಡ್‌ಗೆ ಮಾಹಿತಿ ಹೋಗುವುದು ಪ್ರತಿ ಕೋರ್ಟಿನ ಸಿಐಎಸ್ ತಂತ್ರಾಂಶದಿಂದ. ಸಿಐಎಸ್ ಅಂದರೆ ಕೇಸಿನ ವಿವರ ದಾಖಲಿಸುವ ವ್ಯವಸ್ಥೆ. ಅದಕ್ಕೆ ತುಂಬುವವರು ಬೆಂಚ್ ಕ್ಲರ್ಕ್. ದಿನಕ್ಕೆ ನೂರು ಕೇಸು ಕರೆಯುವ ಕೋರ್ಟಿನಲ್ಲಿ ಸಂಜೆ ಆರು ಗಂಟೆಗೆ ತುಂಬುವಾಗ ಕಾರಣದ ಪಟ್ಟಿಯಲ್ಲಿ ಮೊದಲು ಕಂಡದ್ದನ್ನು ಒತ್ತಿಬಿಡುವುದು ಸಹಜ. ಹಾಗಾಗಿ ಪ್ರತಿ ಕೋರ್ಟಿನಿಂದ ಹತ್ತು ಹಳೇ ಕೇಸಿನ ಕಡತ ತೆಗೆದು, ಆದೇಶದ ಹಾಳೆಗೂ ಕಂಪ್ಯೂಟರಿನಲ್ಲಿ ಇರುವುದಕ್ಕೂ ತಾಳೆ ನೋಡಿ. ವ್ಯತ್ಯಾಸ ಜಾಸ್ತಿ ಇದ್ದರೆ ಅದೇ ನಿಮ್ಮ ಮೊದಲ ಕಾರ್ಯಸೂಚಿ. ಮಿಕ್ಕಿದ್ದೆಲ್ಲ ಆಮೇಲೆ.

ನಂತರ ಪ್ರಶ್ನಾವಳಿ. ಒಂದೇ ಪುಟ. ‘ನಿಮ್ಮ ಸಮಸ್ಯೆಗಳೇನು?’ ಅಂತ ಕೇಳಿದರೆ ‘ಸಿಬ್ಬಂದಿ ಕೊರತೆ’ ಅಂತ ಎಲ್ಲರೂ ಬರೆಯುತ್ತಾರೆ. ಅದು ಗೊತ್ತಿರುವ ವಿಷಯ. ಬದಲಿಗೆ ಹೀಗೆ ಕೇಳಿ:

- ಕಳೆದ ತಿಂಗಳು ಎಷ್ಟು ಸಮನ್ಸ್ ಹೊರಡಿಸಿದಿರಿ? ಎಷ್ಟು ಜಾರಿಯಾದವು, ಎಷ್ಟು ಜಾರಿಯಾಗದೆ ಬಂದವು, ಎಷ್ಟು ವಾಪಸೇ ಬರಲಿಲ್ಲ?
- ಜಾರಿಯಾಗದವುಗಳಲ್ಲಿ ವಿಳಾಸ ತಪ್ಪು ಎಷ್ಟು, ಪ್ರೋಸೆಸ್ ಫೀ (ಸಮನ್ಸ್ ಕಳಿಸುವ ಶುಲ್ಕ) ಕಟ್ಟದೆ ಹೊರಡದೇ ಉಳಿದದ್ದು ಎಷ್ಟು, ಠಾಣೆಯಿಂದ ವರದಿ ಬರದದ್ದು ಎಷ್ಟು?
- ಸಾಕ್ಷಿ ಬಂದೂ ಸಾಕ್ಷ್ಯ ನಡೆಯದೆ ವಾಪಸ್ ಹೋದ ದಿನಗಳೆಷ್ಟು? ಯಾಕೆ?
- ನಕಲು ಅರ್ಜಿ ಬಂದ ದಿನದಿಂದ ನಕಲು ಕೊಟ್ಟ ದಿನದವರೆಗೆ ಎಷ್ಟು ದಿನ? ಕೊನೆಯ 20 ಅರ್ಜಿಗಳದ್ದು ಬರೆಯಿರಿ.
- ನಿಮ್ಮ ಕೋರ್ಟಿನಲ್ಲಿ ನೀವೇ ಮಾಡಿಕೊಂಡ ಒಂದು ಸಣ್ಣ ಬದಲಾವಣೆ, ಬೇರೆಯವರಿಗೂ ಉಪಯೋಗವಾಗುವಂಥದ್ದು ಯಾವುದು?

ಕೊನೆಯ ಪ್ರಶ್ನೆಯನ್ನು ತಪ್ಪಿಸಬೇಡಿ. ಅತ್ಯುತ್ತಮ ಉತ್ತರಗಳು ಬರುವುದು ಅಲ್ಲಿಂದಲೇ, ಅದೂ ದೂರದ ತಾಲ್ಲೂಕು ಕೋರ್ಟುಗಳಿಂದ.

ಇನ್ನೊಂದು ಸೂಕ್ಷ್ಮ ಇದೆ. ಕಿರಿಯ ನ್ಯಾಯಾಧೀಶರ ಗೋಪ್ಯ ವರದಿ, ಅಂದರೆ ಅವರ ಕೆಲಸ ಹೇಗಿದೆ ಅನ್ನುವ ವರದಿ, ಬರೆಯುವುದು ಹಿರಿಯರು. ಅದೇ ಹಿರಿಯರು ಮುಂದಿನ ಸಾಲಿನಲ್ಲಿ ಕುಳಿತಿರುವಾಗ, “ನಮ್ಮ ತಾಲ್ಲೂಕಿಗೆ ಜಿಲ್ಲಾ ಕಚೇರಿಯಿಂದ ಟೋನರ್ ಬರಲು ಎರಡು ತಿಂಗಳು ಆಗುತ್ತದೆ” ಅಂತ ಯಾರು ಎದ್ದು ನಿಂತು ಹೇಳುತ್ತಾರೆ? ಯಾರೂ ಹೇಳುವುದಿಲ್ಲ. ಹಾಗಾಗಿ ಪ್ರಶ್ನಾವಳಿಯಲ್ಲಿ ಎರಡು ಭಾಗ ಮಾಡಿ. ಸಂಖ್ಯೆಗಳ ಭಾಗಕ್ಕೆ ಕೋರ್ಟಿನ ಹೆಸರು ಇರಲಿ. ದೂರು ಮತ್ತು ಸಲಹೆಯ ಭಾಗಕ್ಕೆ ಹೆಸರು ಬೇಡ.

ಹಂತ 5: ಕಾರ್ಯಸೂಚಿ ಟಿಪ್ಪಣಿ

ಕಾರ್ಯಸೂಚಿಯ ಪ್ರತಿ ವಿಷಯಕ್ಕೂ ಒಂದು ಪುಟದ ಟಿಪ್ಪಣಿ ಬರೆಯಿರಿ. ಸಮಸ್ಯೆ, ಸಂಖ್ಯೆ, ಈಗಿರುವ ನಿಯಮ, ಮುಂದಿರುವ ಎರಡೋ ಮೂರೋ ಆಯ್ಕೆ. ಆಮೇಲೆ ಎಲ್ಲಕ್ಕಿಂತ ಮುಖ್ಯವಾದ ಒಂದು ಸಾಲು: ಇದನ್ನು ತೀರ್ಮಾನಿಸುವ ಅಧಿಕಾರ ಯಾರಿಗಿದೆ?

ಈ ಒಂದು ಸಾಲು ಇಲ್ಲದ್ದರಿಂದಲೇ ಎಷ್ಟೋ ಸಮ್ಮೇಳನಗಳು ಬರೀ ಅಳಲು ತೋಡಿಕೊಳ್ಳುವ ಸಭೆಗಳಾಗುತ್ತವೆ. ವಿಷಯಗಳನ್ನು ನಾಲ್ಕು ಗುಂಪು ಮಾಡಿ.

*ಜಿಲ್ಲೆಯಲ್ಲೇ ಆಗುವುದು.* ಸಿಬ್ಬಂದಿಯನ್ನು ಶಾಖೆಗಳಿಗೆ ಹಂಚುವುದು, ನಕಲು ವಿಭಾಗದ ಸಮಯ, ದಾಖಲೆ ಕೊಠಡಿಯ ಶಿಸ್ತು, ಮುದ್ದೆಮಾಲು ವಿಲೇವಾರಿಯ ಅಭಿಯಾನ, ಸಾಕ್ಷಿಗಳಿಗೆ ಕೂರಲು ಜಾಗ. ಸಮಯದ ಮುಕ್ಕಾಲು ಪಾಲು ಇವಕ್ಕೇ ಇರಲಿ.

*ಹೈಕೋರ್ಟಿಗೆ ಹೋಗಬೇಕಾದದ್ದು.* ಎಲ್ಲ ಜಿಲ್ಲೆಗೂ ಅನ್ವಯವಾಗುವ ಸುತ್ತೋಲೆ, ನ್ಯಾಯಾಧೀಶರ ವರ್ಗಾವಣೆ, ನಿಯಮದ ತಿದ್ದುಪಡಿ. ನಿಯಮ ತಿದ್ದಬೇಕು ಅನ್ನುವ ಮುಂಚೆ ಈಗಿರುವುದನ್ನು ಓದಿ. 1967ರ ಸಿವಿಲ್ ರೂಲ್ಸ್ ಆಫ್ ಪ್ರಾಕ್ಟೀಸ್, 1968ರ ಕ್ರಿಮಿನಲ್ ರೂಲ್ಸ್ ಆಫ್ ಪ್ರಾಕ್ಟೀಸ್, 2005ರ ಕೇಸ್ ಫ್ಲೋ ಮ್ಯಾನೇಜ್‌ಮೆಂಟ್ ನಿಯಮಗಳು, ಈ ಮೂರೂ ಮೇಜಿನ ಮೇಲಿರಲಿ. ಎಷ್ಟೋ ಸಲ ಕೇಳುತ್ತಿರುವ ಹೊಸ ನಿಯಮ ಆಗಲೇ ಅಲ್ಲಿರುತ್ತದೆ, ಯಾರೂ ಬಳಸುತ್ತಿರುವುದಿಲ್ಲ ಅಷ್ಟೇ.

*ರಾಜ್ಯ ಸರ್ಕಾರದ ಕೈಲಿರುವುದು.* ಹೊಸ ಹುದ್ದೆ, ಕಟ್ಟಡ, ಸರ್ಕಾರಿ ಅಭಿಯೋಜಕರ ನೇಮಕ. ಕೋರ್ಟ್ ಕಟ್ಟಡಗಳಿಗೆ 1993-94ರಿಂದ ಕೇಂದ್ರದ ನೆರವಿನ ಯೋಜನೆಯೊಂದಿದೆ. ಕರ್ನಾಟಕದಂಥ ರಾಜ್ಯಗಳಿಗೆ ಕೇಂದ್ರದ ಪಾಲು 60, ರಾಜ್ಯದ ಪಾಲು 40. ಜಿಲ್ಲಾ ಸಮ್ಮೇಳನ ಇಲ್ಲಿ ಮಾಡಬಹುದಾದದ್ದು ಅಳತೆ, ಸಂಖ್ಯೆ, ಫೋಟೋ ಇರುವ ಗಟ್ಟಿ ಪ್ರಸ್ತಾವನೆ ಕಳಿಸುವುದು. ‘ಸರ್ಕಾರ ಗಮನ ಹರಿಸಬೇಕು’ ಎಂದು ಬರೆದರೆ ಯಾರ ಗಮನವೂ ಹರಿಯುವುದಿಲ್ಲ.

*ದೆಹಲಿಯಲ್ಲಿ ಆಗಬೇಕಾದದ್ದು.* ಕಾಯ್ದೆಯ ತಿದ್ದುಪಡಿ, ಸಿಐಎಸ್ ತಂತ್ರಾಂಶದ ಮೂಲ ಬದಲಾವಣೆ.

ನ್ಯಾಯಾಧೀಶರ ಸಂಖ್ಯೆ ಸಾಲದು ಅನ್ನುವ ಮಾತು ಖಂಡಿತ ಬರುತ್ತದೆ. ನಿಜವೂ ಹೌದು. ಹತ್ತು ಲಕ್ಷ ಜನಕ್ಕೆ 50 ನ್ಯಾಯಾಧೀಶರು ಬೇಕು ಎಂದು ಕಾನೂನು ಆಯೋಗ 1987ರಲ್ಲಿ ಹೇಳಿತು. 2002ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಗುರಿಯಾಗಿ ಇಟ್ಟಿತು. 2016ರ ಜಂಟಿ ಸಮ್ಮೇಳನದಲ್ಲಿ ಪ್ರಧಾನಿಯ ಎದುರೇ ಸಿಜೆಐ ಟಿ.ಎಸ್. ಠಾಕೂರ್ ಇದನ್ನು ಹೇಳುತ್ತಾ ಗದ್ಗದಿತರಾದರು. ಅಷ್ಟು ಮೇಲೆಯೂ ಬಗೆಹರಿಯದ ಮಾತನ್ನು ಜಿಲ್ಲಾ ಸಭೆಯಲ್ಲಿ ಎರಡು ಗಂಟೆ ಎಳೆದರೆ ಆಗುವುದೇನು? ಒಂದು ಸಾಲಿನಲ್ಲಿ ದಾಖಲಿಸಿ ಮುಂದೆ ಹೋಗಿ.

ಟಿಪ್ಪಣಿಗಳು ಎಲ್ಲರ ಕೈಗೆ ಹತ್ತು ದಿನ ಮುಂಚೆ ತಲುಪಬೇಕು. ಅಂದು ಬೆಳಗ್ಗೆ ಚೀಲದಲ್ಲಿ ಹಾಕಿ ಕೊಟ್ಟರೆ ಯಾರೂ ಓದುವುದಿಲ್ಲ.

ಹಂತ 6: ಯಾರನ್ನು ಕರೆಯಬೇಕು?

ನ್ಯಾಯಾಧೀಶರು ಸರಿ. ಆದರೆ ಸಮನ್ಸ್ ಜಾರಿಯ ಬಗ್ಗೆ ಮಾತಾಡುವಾಗ ಅದನ್ನು ಒಯ್ದು ಕೊಡುವ ಬೇಲಿಫ್ ಅಲ್ಲಿ ಇಲ್ಲದಿದ್ದರೆ ಹೇಗೆ? ನಕಲು ತಡವಾಗುವುದು ಯಾಕೆ ಎಂದು ಕೋರ್ಟಿನ ಕಚೇರಿ ನೋಡಿಕೊಳ್ಳುವ ಶಿರಸ್ತೇದಾರರಿಗಿಂತ ಚೆನ್ನಾಗಿ ಹೇಳುವವರು ಯಾರು? ಆಯಾ ವಿಷಯದ ಗಂಟೆಗೆ ಆಯಾ ಸಿಬ್ಬಂದಿಯನ್ನು ಕರೆಯಿರಿ, ಕೂರಿಸಿ ಮಾತಾಡಿಸಿ. ಗೋಡೆಗೆ ಒರಗಿ ನಿಲ್ಲಿಸಿ ಕೇಳಿದರೆ “ಎಲ್ಲ ಸರಿಯಿದೆ ಸರ್” ಅನ್ನುವ ಉತ್ತರವೇ ಸಿಗುವುದು.

ಹೊರಗಿನವರಲ್ಲಿ ಪೊಲೀಸ್ ವರಿಷ್ಠಾಧಿಕಾರಿ, ಲೋಕೋಪಯೋಗಿ ಇಲಾಖೆಯ ಎಂಜಿನಿಯರ್, ಜೈಲು ಅಧಿಕಾರಿ, ವಕೀಲರ ಸಂಘದ ಪದಾಧಿಕಾರಿಗಳು ಬೇಕಾಗಬಹುದು. ಇವರಿಗೆ ಪ್ರತ್ಯೇಕ ಗೋಷ್ಠಿ ಇರಲಿ, ಇಡೀ ದಿನ ಕೂರಿಸಬೇಡಿ. ನ್ಯಾಯಾಧೀಶರು ತಮ್ಮಲ್ಲೇ ಮಾತಾಡಬೇಕಾದ ಹೊತ್ತಿಗೆ ಹೊರಗಿನವರು ಇರಬಾರದು. ವಿಚಾರಣಾಧೀನ ಕೈದಿಗಳ ವಿಷಯಕ್ಕೆ ಪಿಡಿಜೆ ಅಧ್ಯಕ್ಷತೆಯ ಪರಿಶೀಲನಾ ಸಮಿತಿ ಪ್ರತಿ ಜಿಲ್ಲೆಯಲ್ಲೂ ಆಗಲೇ ಇದೆ. ಜಿಲ್ಲಾಧಿಕಾರಿ, ಎಸ್‌ಪಿ ಅದರ ಸದಸ್ಯರು. ಅದರ ಕೆಲಸವನ್ನು ಇಲ್ಲಿಗೆ ಎಳೆದು ತರಬೇಡಿ.

ಹಂತ 7: ಹಣ, ಆತಿಥ್ಯ

ಇದು ಚಿಕ್ಕ ಹಂತ, ಆದರೆ ಅಪಾಯದ್ದು. ಪ್ರಾಯೋಜಕರು ಬೇಡ. ಬ್ಯಾಂಕಿನವರು ಬ್ಯಾಗ್ ಕೊಡುತ್ತೇವೆ ಅನ್ನುತ್ತಾರೆ, ಯಾರೋ ಊಟ ನಮ್ಮದು ಅನ್ನುತ್ತಾರೆ. ನಾಳೆ ಅದೇ ಬ್ಯಾಂಕಿನ ಸಾಲ ವಸೂಲಿ ಕೇಸು ಅದೇ ನ್ಯಾಯಾಧೀಶರ ಮುಂದೆ ಬರುತ್ತದೆ. ಕುಟುಂಬ, ಹತ್ತಿರದ ಬಂಧುಗಳು, ಸ್ನೇಹಿತರನ್ನು ಬಿಟ್ಟು ಬೇರೆಯವರಿಂದ ಉಡುಗೊರೆ, ಆತಿಥ್ಯ ಪಡೆಯಬಾರದು ಎಂದು ಸುಪ್ರೀಂ ಕೋರ್ಟ್ 1997ರಲ್ಲಿ ಒಪ್ಪಿದ ನ್ಯಾಯಾಂಗ ಬದುಕಿನ ಮೌಲ್ಯಗಳ ಪಟ್ಟಿ ಹೇಳುತ್ತದೆ. 1999ರ ಮುಖ್ಯ ನ್ಯಾಯಮೂರ್ತಿಗಳ ಸಮ್ಮೇಳನವೂ ಅದನ್ನು ಒಪ್ಪಿತು. ಅದು ಮೇಲಿನ ಕೋರ್ಟುಗಳಿಗೆ ಬರೆದದ್ದು ನಿಜ, ಆದರೆ ಕೆಳಗಿನವರಿಗೆ ಬೇರೆ ಅಳತೆ ಅಂತೇನೂ ಇಲ್ಲ. ಕೋರ್ಟಿನ ಸಭಾಂಗಣ, ಸರಳ ಊಟ, ಅನುಮತಿ ಸಿಕ್ಕ ಲೆಕ್ಕದಿಂದ ಖರ್ಚು. ಮುಗಿಯಿತು.

ಹಂತ 8: ಆ ದಿನ

ಉದ್ಘಾಟನೆಗೆ 30 ನಿಮಿಷ. ಅತಿಥಿಗಳ ಪಟ್ಟಿ ಬೆಳೆಯಲು ಬಿಟ್ಟರೆ ಹನ್ನೆರಡು ಗಂಟೆಯಾದರೂ ಸ್ವಾಗತ ಭಾಷಣವೇ ಮುಗಿದಿರುವುದಿಲ್ಲ.

ಎಲ್ಲರನ್ನೂ ಒಂದೇ ಹಾಲ್‌ನಲ್ಲಿ ಇಡೀ ದಿನ ಕೂರಿಸಬೇಡಿ. ಎಂಟು ಹತ್ತು ಜನರ ಗುಂಪು ಮಾಡಿ, ಪ್ರತಿ ಗುಂಪಿಗೆ ಒಂದು ವಿಷಯ ಕೊಡಿ. ಹಿರಿಯ, ಕಿರಿಯ, ಜಿಲ್ಲಾ ಕೇಂದ್ರ, ತಾಲ್ಲೂಕು ಎಲ್ಲ ಬೆರೆತಿರಲಿ. ಮಾತಿನ ಸರದಿ ಕಿರಿಯರಿಂದ ಶುರುವಾಗಲಿ. ಹಿರಿಯರು ಮೊದಲು ಮಾತಾಡಿದರೆ ಉಳಿದವರು ಅದನ್ನೇ ಅನುಮೋದಿಸಿ ಸುಮ್ಮನಾಗುತ್ತಾರೆ. ಪ್ರತಿ ಗುಂಪು ಊಟದ ನಂತರ ಹತ್ತು ನಿಮಿಷದಲ್ಲಿ ತನ್ನ ಸಲಹೆ ಹೇಳಬೇಕು. ಉಳಿದ ಸಮಯ ಪ್ರಶ್ನೆ, ಆಕ್ಷೇಪಣೆಗೆ.

ಭಾಷೆಯ ಬಗ್ಗೆಯೂ ಒಂದು ಮಾತು. ಸಿಬ್ಬಂದಿ ಇರುವ ಗೋಷ್ಠಿ ಕನ್ನಡದಲ್ಲೇ ನಡೆಯಲಿ. ಇಂಗ್ಲಿಷಿನಲ್ಲಿ ನಡೆಸಿ ಆಮೇಲೆ ಸಾರಾಂಶ ಹೇಳಿದರೆ ಬೇಲಿಫ್ ಬಾಯಿ ಬಿಡುವುದಿಲ್ಲ.

ನಡಾವಳಿ ಬರೆಯಲು ಇಬ್ಬರನ್ನು ನೇಮಿಸಿ. ಇಬ್ಬರೂ ಚರ್ಚೆಯಲ್ಲಿ ಭಾಗವಹಿಸಬಾರದು.

ಹಂತ 9: ನಿರ್ಣಯ ಬರೆಯುವುದು

ನಿರ್ಣಯ ಹೇಗಿರಬೇಕು ಅನ್ನುವುದಕ್ಕೆ ಒಂದು ಒಳ್ಳೆಯ ಉದಾಹರಣೆ 2015ರ ಮುಖ್ಯ ನ್ಯಾಯಮೂರ್ತಿಗಳ ಸಮ್ಮೇಳನದ್ದೇ. ಐದು ವರ್ಷಕ್ಕಿಂತ ಹಳೆಯ ಕೇಸುಗಳನ್ನು ಮುಗಿಸುವ ಯೋಜನೆ ಮಾಡಲು ಪ್ರತಿ ಹೈಕೋರ್ಟೂ ಒಂದು ಬಾಕಿ ಪ್ರಕರಣಗಳ ಸಮಿತಿ ಮಾಡಬೇಕು ಎಂದು ಅದು ತೀರ್ಮಾನಿಸಿತು. ಯಾರು, ಏನು, ಯಾವ ಕೇಸುಗಳಿಗೆ, ಎಲ್ಲ ಒಂದೇ ವಾಕ್ಯದಲ್ಲಿದೆ. ಸಮಿತಿ ಆಯಿತೋ ಇಲ್ಲವೋ ಎಂದು ಆಮೇಲೆ ಯಾರು ಬೇಕಾದರೂ ಕೇಳಬಹುದು.

ಒಪ್ಪಿಗೆ ಆಗದೇ ಇರುವುದನ್ನೂ ಹಾಗೇ ಬರೆಯಿರಿ. ರಾಷ್ಟ್ರ ಮಟ್ಟದಲ್ಲಿ ನ್ಯಾಯಾಂಗ ಮೂಲಸೌಕರ್ಯ ಪ್ರಾಧಿಕಾರ ಬೇಕು ಎಂಬುದು ಸಿಜೆಐ ಎನ್.ವಿ. ರಮಣ ಅವರ ಒತ್ತಾಯವಾಗಿತ್ತು. 2022ರ ಜಂಟಿ ಸಮ್ಮೇಳನದಲ್ಲಿ ಅದಕ್ಕೆ ಎಲ್ಲರ ಒಪ್ಪಿಗೆ ಸಿಗಲಿಲ್ಲ. ಮುಖ್ಯಮಂತ್ರಿ ಅಥವಾ ಅವರ ಪ್ರತಿನಿಧಿ ಇರುವ ರಾಜ್ಯ ಮಟ್ಟದ ವ್ಯವಸ್ಥೆಯ ಕಡೆಗೆ ಮಾತು ತಿರುಗಿತು. ‘ಸರ್ವಾನುಮತದಿಂದ’ ಅಂತ ಎಲ್ಲದಕ್ಕೂ ಮುದ್ರೆ ಒತ್ತಿದರೆ, ಒಪ್ಪದವರು ಜಾರಿ ಮಾಡುವುದೂ ಇಲ್ಲ, ಯಾಕೆ ಎಂದು ಹೇಳುವುದೂ ಇಲ್ಲ.

ನಿಮ್ಮ ಪ್ರತಿ ನಿರ್ಣಯದಲ್ಲೂ ಹುದ್ದೆಯ ಹೆಸರು, ಮಾಡಬೇಕಾದ ಕೆಲಸ, ಕೊನೆಯ ದಿನ ಇರಲಿ. ಉದಾಹರಣೆಗೆ: ‘ಪ್ರತಿ ಕೋರ್ಟಿನ ಮುದ್ದೆಮಾಲು ರಿಜಿಸ್ಟರನ್ನು ಸಂಬಂಧಿಸಿದ ಠಾಣೆಯ ಪಟ್ಟಿಯೊಂದಿಗೆ ತಾಳೆ ನೋಡಿ, ವಿಲೇವಾರಿಗೆ ಅರ್ಹವಾದವುಗಳ ಪಟ್ಟಿಯನ್ನು ಶಿರಸ್ತೇದಾರರು 45 ದಿನದೊಳಗೆ ಸಂಬಂಧಿಸಿದ ನ್ಯಾಯಾಧೀಶರ ಮುಂದೆ ಇಡತಕ್ಕದ್ದು.’ ‘ಶ್ರಮಿಸಲಾಗುವುದು’, ‘ಕ್ರಮ ವಹಿಸಲಾಗುವುದು’ ಕಂಡಲ್ಲಿ ಹೊಡೆದುಹಾಕಿ. ಹತ್ತು ನಿರ್ಣಯ ಮೀರಿದರೆ ಜಾರಿಯಾಗುವುದು ಕಷ್ಟ.

ಹಂತ 10: ಆಮೇಲೆ

ಸಮ್ಮೇಳನದ ನಿರ್ಣಯಕ್ಕೆ ತಾನಾಗಿಯೇ ಕಾನೂನಿನ ಬಲ ಇಲ್ಲ. ಹೊಸಬರು ಇಲ್ಲೇ ಗೊಂದಲಕ್ಕೆ ಬೀಳುತ್ತಾರೆ. ಜಿಲ್ಲೆಯೊಳಗಿನದ್ದಕ್ಕೆ ಪಿಡಿಜೆ ಕಚೇರಿ ಆದೇಶ ಹೊರಡಬೇಕು. ರಾಜ್ಯಕ್ಕೆಲ್ಲ ಬೇಕಾದರೆ ಹೈಕೋರ್ಟಿನ ಸುತ್ತೋಲೆ. ನಿಯಮವೇ ಬದಲಾಗಬೇಕಾದರೆ ದಾರಿ ಇನ್ನೂ ಉದ್ದ: 227ನೇ ವಿಧಿಯಡಿ ಮಾಡುವ ನಿಯಮಕ್ಕೆ ರಾಜ್ಯಪಾಲರ ಪೂರ್ವಾನುಮೋದನೆ ಬೇಕು, ಸಿವಿಲ್ ಪ್ರಕ್ರಿಯಾ ಸಂಹಿತೆಯ 122ನೇ ಸೆಕ್ಷನ್ ಅಡಿ ಮಾಡುವುದಕ್ಕೆ ಸರ್ಕಾರದ ಒಪ್ಪಿಗೆ ಬೇಕು, ನಂತರ ಗೆಜೆಟ್. ಹಾಗಾಗಿ ನಿಯಮ ಬದಲಾಗಬೇಕಾದ ವಿಷಯಕ್ಕೆ ತಿದ್ದುಪಡಿಯ ಕರಡನ್ನೇ ಬರೆದು ಕಳಿಸಿ. ‘ತಿದ್ದುಪಡಿ ಅಗತ್ಯ’ ಎಂಬ ಸಾಲು ಕಡತದಲ್ಲೇ ಮಲಗುತ್ತದೆ.

ಕೆಲಸದ ವೇಳಾಪಟ್ಟಿ ಹೀಗಿರಲಿ. ಏಳು ದಿನದಲ್ಲಿ ನಡಾವಳಿ ಎಲ್ಲರಿಗೂ ಹೋಗಬೇಕು. 15 ದಿನದಲ್ಲಿ ಕಚೇರಿ ಆದೇಶಗಳು ಹೊರಡಬೇಕು. 30ನೇ ದಿನ, 60ನೇ ದಿನ, 90ನೇ ದಿನ ಅನುಪಾಲನಾ ವರದಿ. ಅದು ಒಂದೇ ಹಾಳೆಯಲ್ಲಿರಲಿ: ನಿರ್ಣಯ, ಜವಾಬ್ದಾರಿ, ಆಯಿತು ಅಥವಾ ಆಗಲಿಲ್ಲ, ಆಗದಿದ್ದರೆ ಕಾರಣ. ಹಂತ 4ರಲ್ಲಿ ಸಂಗ್ರಹಿಸಿದ್ದ ಅದೇ ಸಂಖ್ಯೆಗಳನ್ನು 90ನೇ ದಿನ ಮತ್ತೆ ತೆಗೆಯಿರಿ. ಸಮನ್ಸ್ ಜಾರಿ ಏರಿದೆಯಾ, ನಕಲಿನ ದಿನ ಇಳಿದಿದೆಯಾ ಎಂದು ಆಗಷ್ಟೇ ಗೊತ್ತಾಗುವುದು.

ಇಲ್ಲಿ ಒಂದು ಅಪಾಯ ಇದೆ. ಈ ಸಂಖ್ಯೆಗಳನ್ನು ಯಾರ ಗೋಪ್ಯ ವರದಿಗೂ ಬಳಸುವುದಿಲ್ಲ ಎಂದು ಮೊದಲೇ ಹೇಳಿ, ಹಾಗೇ ನಡೆದುಕೊಳ್ಳಿ. ಒಂದು ಸಲ ಬಳಸಿದರೂ ಮುಂದಿನ ಬಾರಿ ನಿಮಗೆ ಸಿಗುವ ಅಂಕಿ ಎಲ್ಲ ಚೆಂದವಾಗಿಯೇ ಇರುತ್ತದೆ, ನಿಜವಾಗಿರುವುದಿಲ್ಲ.

ವಕೀಲರು ಮತ್ತು ಕಕ್ಷಿದಾರರು ಏನು ಮಾಡಬಹುದು?

ನಿಮಗೆ ಒಳಗೆ ಕೂರಲು ಅವಕಾಶ ಸಿಗದೇ ಇರಬಹುದು. ಆದರೂ ವಿಷಯ ತಲುಪಿಸಬಹುದು. ಸಂಘದ ಲೆಟರ್‌ಹೆಡ್‌ನಲ್ಲಿ ಪಿಡಿಜೆ ಅವರಿಗೆ ಪತ್ರ ಬರೆಯಿರಿ, ಅದೂ ದಿನಾಂಕ ಗೊತ್ತಾದ ವಾರದಲ್ಲೇ. ಪತ್ರದಲ್ಲಿ ಒಂದೇ ವಿಷಯ ಇರಲಿ, ಹತ್ತು ದೂರು ಬೇಡ. ಯಾವ ನ್ಯಾಯಾಧೀಶರ ಹೆಸರೂ ಬೇಡ, ನಡೆಯುತ್ತಿರುವ ಯಾವ ಕೇಸಿನ ನಂಬರೂ ಬೇಡ. ಅವು ಇದ್ದ ಪತ್ರವನ್ನು ಆಡಳಿತ ಪಕ್ಕದಲ್ಲಿ ಯಾರೂ ಮುಟ್ಟುವುದಿಲ್ಲ. ‘ನಕಲು ಅರ್ಜಿ ಸ್ವೀಕರಿಸುವ ಕೌಂಟರ್ ಮಧ್ಯಾಹ್ನ ಮುಚ್ಚಿರುತ್ತದೆ, ತಾಲ್ಲೂಕಿನಿಂದ ಬಂದವರು ಮರುದಿನ ಮತ್ತೆ ಬರಬೇಕಾಗುತ್ತದೆ’ ಎಂಬಂಥ ಸಾಲು ನೇರವಾಗಿ ಕಾರ್ಯಸೂಚಿಗೆ ಹೋಗುತ್ತದೆ.

ಸಮ್ಮೇಳನ ಮುಗಿದ ಮೇಲೆ ಹೊರಬಿದ್ದ ಕಚೇರಿ ಆದೇಶದ ಪ್ರತಿ ಕೇಳಿ. ಸುಮ್ನೆ ಕೇಳಿದರೆ ಸಿಗಲಿಲ್ಲ ಅಂದರೆ ಮಾಹಿತಿ ಹಕ್ಕು ಅರ್ಜಿ ಹಾಕಬಹುದು. ಕೋರ್ಟುಗಳಿಗೆ ಅರ್ಜಿ ಹಾಕುವಾಗ ಆ ಕಾಯ್ದೆಯ 28ನೇ ಸೆಕ್ಷನ್ ಅಡಿ ಹೈಕೋರ್ಟ್ ಮಾಡಿಕೊಂಡ ನಿಯಮ, ನಮೂನೆ, ಶುಲ್ಕ ನೋಡಿಕೊಳ್ಳಿ. ಬೇರೆ ಇಲಾಖೆಯ ನಮೂನೆಯಲ್ಲಿ ಹಾಕಿ ತಿರಸ್ಕೃತವಾದ ಮೇಲೆ ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತದೆ.